ಸಾಲ್ಮನ್‌ಗೆ ಯಾವ ರಾಡ್, ಯಾವ ರೀಲ್?

ಪ್ರಶ್ನೆ: ಈಗ ಸಿಯಾಟಲ್‌ನಲ್ಲಿದ್ದೇವೆ. ಊರಿನ ಹೊಳೆಯಲ್ಲಿ ಗಾಳ ಹಾಕಿ ಅಭ್ಯಾಸವಿದೆ, ಆದರೆ ರೀಲ್ ಮುಟ್ಟಿಲ್ಲ. ಸಮುದ್ರದ ದಡದಿಂದ ಸಾಲ್ಮನ್ ಹಿಡಿಯಲು ಏನು ಕೊಳ್ಳಲಿ?

ಉತ್ತರ: ಮೊದಲು ಯಾವ ಸಾಲ್ಮನ್ ಅಂತ ತೀರ್ಮಾನಿಸಿ. ನಿಮ್ಮ ಸಿಯಾಟಲ್ ಪಕ್ಕದ ಕಡಲ ಚಾಚು ಪ್ಯೂಜೆಟ್ ಸೌಂಡ್‌ಗೆ ಬೆಸ ಸಂಖ್ಯೆಯ ವರ್ಷಗಳಲ್ಲಿ ಪಿಂಕ್ ಸಾಲ್ಮನ್ ರಾಶಿ ರಾಶಿ ಬರುತ್ತದೆ, ತೂಕ ಸಾಮಾನ್ಯವಾಗಿ 3ರಿಂದ 5 ಪೌಂಡ್, ಕಲಿಯುವವರಿಗೆ ಹೇಳಿ ಮಾಡಿಸಿದ ಮೀನು. ಕೋಹೊ ಇನ್ನೂ ದೊಡ್ಡದು, ಜೋರೂ ಜಾಸ್ತಿ. ಎರಡಕ್ಕೂ ಎಂಟೂವರೆ ಅಡಿಯ, 8–12 ಪೌಂಡ್ (ಅಂದರೆ ಅಷ್ಟು ಬಲದ ದಾರಕ್ಕೆ) ಎಂದು ಬರೆದಿರುವ ಮೀಡಿಯಂ ಸ್ಪಿನ್ನಿಂಗ್ ರಾಡ್, 3000 ಅಥವಾ 4000 ಸೈಜಿನ ರೀಲ್ ಸಾಕು.

ಹೆಚ್ಚು ದುಡ್ಡು ಹಾಕುವುದಿದ್ದರೆ ರೀಲಿಗೇ ಹಾಕಿ. ಅಂಗಡಿಯಲ್ಲೇ ದಾರ ಸುತ್ತಿದ ರೀಲ್ ಕೇಳಿ, ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಸಲೀಸಾಗಿ ಬಿಚ್ಚಬೇಕೆಂದು ಹಿಡಿತದಲ್ಲಿಡುವ ತಿರುಗಣೆ) ಅರ್ಧ ಬಿಗಿ ಮಾಡಿ, ದಾರವನ್ನು ಕೈಯಲ್ಲಿ ಮೆಲ್ಲಗೆ ಎಳೆದು ನೋಡಿ. ಜರ್ರನೆ ಒಂದೇ ಸಮ ಬಿಚ್ಚಿಕೊಳ್ಳಬೇಕು. ತಡೆದು ತಡೆದು ಬಂದರೆ ಬೇಡವೇ ಬೇಡ, ಯಾಕಂದ್ರೆ ಕೋಹೊ ಕಾಲ ಬುಡಕ್ಕೆ ಬಂದ ಮೇಲೂ ತಟ್ಟನೆ ತಿರುಗಿ ಓಡುತ್ತದೆ, ದಾರ ಕಿತ್ತುಹೋಗುವುದು ಆಗಲೇ.

ರೀಲಿಗೆ 20 ಪೌಂಡಿನ ಬ್ರೇಡ್ (ಹೆಣೆದ ದಾರ), ತುದಿಗೆ ಎರಡು ಮೂರು ಅಡಿ 12 ಪೌಂಡಿನ ಮಾನೊ, ಅಂದರೆ ಒಂಟಿ ಎಳೆಯ ನೈಲಾನ್ ದಾರ. ಸಾಲ್ಮನ್‌ಗಳಲ್ಲೇ ದೊಡ್ಡದಾದ ಚಿನೂಕ್ ಆಸೆ ಸದ್ಯಕ್ಕೆ ಬಿಡಿ, ಅದು 30 ಪೌಂಡ್ ದಾಟಬಹುದು, ಇದಕ್ಕಿಂತ ಗಟ್ಟಿ ರಾಡ್ ಬೇಕು. ಉಪ್ಪುನೀರಿನಿಂದ ಬಂದ ದಿನವೇ ರೀಲನ್ನು ಸಿಹಿನೀರಲ್ಲಿ ತೊಳೆಯಿರಿ, ಸುಮ್ನೆ ಮೂಲೆಗಿಟ್ಟರೆ ತುಕ್ಕು ಹಿಡಿಯುತ್ತದೆ.

ಲೈಸೆನ್ಸ್ ಮತ್ತು ಕ್ಯಾಚ್ ಕಾರ್ಡ್ (ಹಿಡಿದ ಮೀನಿನ ಲೆಕ್ಕ ಬರೆಯುವ ಕಾರ್ಡ್) ಎರಡೂ ಬೇಕು. ಕೊಕ್ಕೆಗೆ ಹಿಮ್ಮುಳ್ಳು ಇರಬಾರದು. ಇದ್ದರೆ ಇಕ್ಕಳದಿಂದ ಒತ್ತಿ ಮಟ್ಟ ಮಾಡಿ.