ಸರಾಯೆವೊದ ಹರ್ದಾಗಾ ಕುಟುಂಬವನ್ನು ನೋಡಿ
ಎರಡನೇ ಮಹಾಯುದ್ಧದಲ್ಲಿ ಯಹೂದಿಗಳಿಗೆ ಆಶ್ರಯ ಕೊಟ್ಟ ಮುಸ್ಲಿಮರ ದಾಖಲಾದ ಉದಾಹರಣೆ ಒಂದಾದರೂ ಇದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ನನ್ನನ್ನು ಬಹಳ ಕಾಡಿದ್ದು ಬೋಸ್ನಿಯಾದ ಸರಾಯೆವೊ ನಗರದ ಹರ್ದಾಗಾ ಕುಟುಂಬ. 1941ರ ಏಪ್ರಿಲ್‌ನಲ್ಲಿ ಜರ್ಮನರ ಬಾಂಬ್ ದಾಳಿಗೆ ಯಹೂದಿ ಯೋಸೆಫ್ ಕವಿಲಿಯೊ ಅವರ ಮನೆ ನಾಶವಾದಾಗ, ಮುಸ್ತಫಾ ಮತ್ತು ಝೆಯ್ನೆಬಾ ಹರ್ದಾಗಾ ದಂಪತಿ ಅವರನ್ನು ಹೆಂಡತಿ ಮಕ್ಕಳ ಸಮೇತ ತಮ್ಮ ಮನೆಗೇ ಕರೆದುಕೊಂಡರು. ನಾಜಿಗಳ ರಹಸ್ಯ ಪೊಲೀಸ್ ಪಡೆ ಗೆಸ್ಟಾಪೊದ ಕಚೇರಿ ಇದ್ದದ್ದು ಹತ್ತಿರದಲ್ಲೇ! ಅಪಾಯ ಎಷ್ಟಿತ್ತೆಂದರೆ, ಝೆಯ್ನೆಬಾ ಅವರ ತಂದೆ ಅಹ್ಮದ್ ಸಾದಿಕ್ ಇನ್ನೊಂದು ಯಹೂದಿ ಕುಟುಂಬಕ್ಕೆ ನೆರವಾಗಿ ಪ್ರಾಣವನ್ನೇ ತೆತ್ತರು. ಇವರನ್ನೆಲ್ಲ ನಾಜಿಗಳ ಯಹೂದಿ ನರಮೇಧದ ಸ್ಮಾರಕ ಸಂಸ್ಥೆಯಾದ ಇಸ್ರೇಲಿನ ಯಾದ್ ವಶೇಮ್ ಗೌರವಿಸಿದೆ. ಮುಂದೆ ಬೋಸ್ನಿಯಾ ಯುದ್ಧದಲ್ಲಿ ಸರಾಯೆವೊ ಮುತ್ತಿಗೆಗೆ ಸಿಕ್ಕಿ ನರಳುತ್ತಿದ್ದಾಗ, 1994ರಲ್ಲಿ ವೃದ್ಧೆ ಝೆಯ್ನೆಬಾ ಅವರನ್ನು ಕುಟುಂಬದೊಂದಿಗೆ ಇಸ್ರೇಲಿಗೆ ಕರೆಸಿಕೊಳ್ಳಲಾಯಿತು.