ಬೀಗ ಬಿದ್ದ ಮನೆಗಳ ಲೆಕ್ಕ

ಕಾಸರಗೋಡಿನ ಕುಂಬಳೆಯ ಓದುಗರೊಬ್ಬರು ಬರೆಯುತ್ತಾರೆ: "ಗೃಹಸಾಲದ ಬಡ್ಡಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯನ್ನು ಇಮ್ಮಡಿ ಮಾಡಿದರೆ ಬೀಡಿ ಕಟ್ಟುವವರೂ ಸ್ವಂತ ಮನೆ ಕಾಣಬಹುದಲ್ಲವೇ?"

ನಿಮ್ಮ ಮನಸ್ಸು ದೊಡ್ಡದು ಮಾರಾಯ್ರೆ, ಲೆಕ್ಕ ಮಾತ್ರ ತಪ್ಪಿತು. ಆದಾಯ ತೆರಿಗೆಯನ್ನೇ ಕಟ್ಟದವರಿಗೆ ಅದರಲ್ಲಿ ವಿನಾಯಿತಿ ಎಂದರೆ ಬೋಳು ತಲೆಗೆ ಬಾಚಣಿಗೆ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷ ರೂಪಾಯಿವರೆಗಿನ ಬಡ್ಡಿಯ ಕಡಿತ ಉಂಡವರು ನನ್ನಂಥ ಸಂಬಳದವರು. 45 ಲಕ್ಷದವರೆಗಿನ ಫ್ಲ್ಯಾಟನ್ನು 'ಕೈಗೆಟಕುವ ಮನೆ' ಎಂದು ಕರೆದು ಶೇಕಡಾ 1 ಜಿಎಸ್‌ಟಿ ಹಾಕುತ್ತಾರೆ. ಯಾರ ಕೈಗೆ?

ವಿನಾಯಿತಿಯೆಲ್ಲ ವ್ಯರ್ಥವಲ್ಲ, ಒಪ್ಪುತ್ತೇನೆ. ಕೇರಳದಲ್ಲಿ 2023ರ ಏಪ್ರಿಲ್‌ನಿಂದ 60 ಚದರ ಮೀಟರ್‌ವರೆಗಿನ ವಾಸದ ಮನೆಗೆ ಮನೆ ತೆರಿಗೆ ಇಲ್ಲ. ಆದರೆ ಅದು ಮನೆ ಎದ್ದ ಮೇಲಿನ ಮಾತು. ಐದು ಸೆಂಟ್ಸ್ ಜಾಗ 5 ಲಕ್ಷಕ್ಕೆ ಕುದುರಿತೆನ್ನಿ: ಮುದ್ರಾಂಕಕ್ಕೆ ಶೇಕಡಾ 8, ನೋಂದಣಿಗೆ 2, ಅಲ್ಲಿಗೇ 50,000 ಹೋಯಿತು. ಸಿಮೆಂಟಿಗೆ 2025ರ ಸೆಪ್ಟೆಂಬರ್‌ವರೆಗೆ ಶೇಕಡಾ 28 ಜಿಎಸ್‌ಟಿ ಇತ್ತು, ಈಗ 18. ಬಂಗಲೆಗೂ ಅದೇ, ಗುಡಿಸಲಿನ ಗೋಡೆಗೂ ಅದೇ. ಕೂಲಿಯವರ ತೆರಿಗೆ ಕಡಿಮೆ ಮಾಡಬೇಕಾದದ್ದು ಇಲ್ಲಿ.

ನಮ್ಮ ಕಚೇರಿಯಲ್ಲಿ ಡಿಟಿಪಿ ಮಾಡುವ ಹುಡುಗಿಯ ತಾಯಿ ಬೀಡಿ ಕಟ್ಟುತ್ತಾರೆ. ಕ್ವಾರ್ಟರ್ಸಿನ ಒಂದೂವರೆ ಕೋಣೆಯಲ್ಲಿ ನಾಲ್ವರು. ಎದುರಿಗೇ ಗಲ್ಫಿನವರ ಎರಡು ಮಾಳಿಗೆ. ಬೀಗ ತೆಗೆಯುವುದು ರಜೆಗೆ, ಇಲ್ಲವೇ ಮದುವೆಗೆ. ವಾರಕ್ಕೊಮ್ಮೆ ಅದರ ಅಂಗಳ ಗುಡಿಸುವುದೂ ಇದೇ ತಾಯಿ. 2011ರ ಜನಗಣತಿಯಲ್ಲಿ ಕೇರಳದಲ್ಲಿ ಖಾಲಿ ಬಿದ್ದ ಮನೆಗಳು 10 ಲಕ್ಷಕ್ಕೂ ಹೆಚ್ಚು. ಅಂಥವಕ್ಕೆ ತೆರಿಗೆ ಹಾಕುವ ಮಾತು 2023ರ ಬಜೆಟ್ಟಿನಲ್ಲಿ ಬಂತು, ಕೂಗೆದ್ದಿತು, ಕೆಲವೇ ದಿನಗಳಲ್ಲಿ ಹಿಂದೆ ಹೋಯಿತು. ಮರಳುಗಾಡಿನಲ್ಲಿ ಬೆವರು ಸುರಿಸಿ ಕಟ್ಟಿದ ಮನೆ, ನೋವಾಗುತ್ತದೆ, ಸರಿ. ಬಾಡಿಗೆಗೆ ಕೊಟ್ಟರೆ ತೆರಿಗೆ ಬೇಡ ಎನ್ನಬಹುದಿತ್ತಲ್ಲ?

ಇನ್ನು ಬಂದ ವಿನಾಯಿತಿಯಾದರೂ ನಮ್ಮವರಿಗೆ ತಲುಪುವುದು ಹೇಗೆ? ನೆರೆಮನೆಯ ಅಜ್ಜಿ ಒಂದು ದಿನ ಮಲಯಾಳದ ನೋಟೀಸು ಹಿಡಿದು ಅಳುತ್ತಾ ಬಂದರು. ಮನೆ ಜಪ್ತಿಯೆಂದು ಹೆದರಿ ರಾತ್ರಿ ಊಟ ಬಿಟ್ಟಿದ್ದರಂತೆ. ಓದಿಸಿ ನೋಡಿದರೆ, ತೆರಿಗೆ ಮಾಫಿಗೆ ಅರ್ಜಿ ಹಾಕಿ ಎಂದಿತ್ತು! 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಕನ್ನಡದ ನಮ್ಮನ್ನು ಆಚೆಗೆ ಹಾಕಿದರು. ಕಾಗದವನ್ನಾದರೂ ಕನ್ನಡದಲ್ಲಿ ಕೊಡಬೇಡವೇ?

ಹೋಗಲಿ. ನಿಮ್ಮ ದಾರಿಯಲ್ಲಿ ಬೀಗ ಬಿದ್ದ ಮನೆ ಎಷ್ಟಿವೆ, ಎಣಿಸಿ ಬರೆಯಿರಿ. ಅಚ್ಚು ಹಾಕುತ್ತೇವೆ.