ಮೊದಲು ಡ್ರಾಯಿಂಗಿನ ಮೂಲೆ ಓದಿ, ಆಮೇಲೆ ಲೈಸೆನ್ಸ್ ಮಾತು

ಹೊಸೂರಿನಲ್ಲಿ ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ ಮೆಷಿನ್ ಇದೆ, ಯುರೋಪಿನ ರಕ್ಷಣಾ ಕಂಪನಿಯಿಂದ ಗೇರ್ ಆರ್ಡರ್ ಬರುವ ಹಾಗಿದೆ, ರಫ್ತು ಲೈಸೆನ್ಸಿಗೆ ವಿದೇಶ ವ್ಯಾಪಾರ ನೋಡಿಕೊಳ್ಳುವ ಡಿಜಿಎಫ್‌ಟಿಗೆ ಹೋಗಬೇಕಾ, ರಕ್ಷಣಾ ಸಚಿವಾಲಯಕ್ಕಾ, ಯಾವುದು ಬೇಗ ಆಗುತ್ತೆ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನಗೆ 2019 ನೆನಪಾಯಿತು.

ಆಗ ನನ್ನ ಶೆಡ್ ಮತ್ತಿಗಿರಿ ರಸ್ತೆಯಲ್ಲಿತ್ತು. ತಮಿಳುನಾಡಿನ ರಕ್ಷಣಾ ಕಾರಿಡಾರ್ ಶುರುವಾದ ವರ್ಷ ಅದು. ರಕ್ಷಣಾ ಸಾಮಾನು ತಯಾರಿಕೆಗೆ ಆರಿಸಿದ ಅದರ ಐದು ಊರುಗಳಲ್ಲಿ ಹೊಸೂರೂ ಒಂದು. ಬೈಕ್, ಟ್ರ್ಯಾಕ್ಟರ್ ಪಾರ್ಟ್ಸ್ ಮಾಡಿಕೊಂಡಿದ್ದ ನಮಗೆಲ್ಲ ಹೊಸ ಹುಮ್ಮಸ್ಸು. ಹೊರದೇಶದಿಂದ 240 ಸಣ್ಣ ಪಿನಿಯನ್ ಗೇರ್‌ಗಳ ಆರ್ಡರ್ ಸಿಕ್ಕಿತು. ಮೂರು ತಿಂಗಳು ಹಗಲು ರಾತ್ರಿ ಕೆಲಸ ಮಾಡಿದೆವು. ಒಂದೊಂದು ಗೇರನ್ನೂ ಎಣ್ಣೆ ಕಾಗದದಲ್ಲಿ ಸುತ್ತಿ ಮರದ ಪೆಟ್ಟಿಗೆಗೆ ಇಟ್ಟವಳು ನನ್ನ ಹೆಂಡತಿ.

ಅತ್ತಿಬೆಲೆ ದಾಟಿ ಬೆಂಗಳೂರು ಏರ್‌ಪೋರ್ಟ್ ಕಾರ್ಗೋಗೆ ಹೋದ ಪೆಟ್ಟಿಗೆಗಳು ಅಲ್ಲೇ ನಿಂತವು. ಕಸ್ಟಮ್ಸ್‌ನವರು ಕೇಳಿದ್ದು ಒಂದೇ: ಈ ಗೇರ್ ಕೊನೆಗೆ ಯಾವುದರ ಒಳಗೆ ಕೂರುತ್ತೆ?

ನನಗೆ ಗೊತ್ತಿರಲಿಲ್ಲ. ತಪ್ಪು ಅಲ್ಲೇ ಇತ್ತು. ಕಸ್ಟಮ್ಸ್‌ನಲ್ಲಿ ಸಾಮಾನು ವಿಂಗಡಿಸುವ ಎಚ್‌ಎಸ್ ಕೋಡ್ ಮಾತ್ರ ನಾನು ನೋಡಿದ್ದೆ. ಗೇರ್ ಅಂದರೆ ಗೇರ್, ಯಾರು ಬೇಕಾದರೂ ರಫ್ತು ಮಾಡಬಹುದು ಅಂದುಕೊಂಡೆ. ಡ್ರಾಯಿಂಗಿನಲ್ಲಿ ಅಳತೆ ಓದಿದ್ದೆ, ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನೋ ಟಾಲರೆನ್ಸ್ ಓದಿದ್ದೆ, ಹಲ್ಲಿನ ಗಡಸುತನ ಎಷ್ಟು ಇರಬೇಕು ಅಂತ ಓದಿದ್ದೆ. ಕೆಳಗೆ ಬಲ ಮೂಲೆಯಲ್ಲಿ ವಿವರ ಬರೆಯುವ ಟೈಟಲ್ ಬ್ಲಾಕ್ ಇರುತ್ತಲ್ಲ, ಅದರಲ್ಲಿ ಭಾಗ ಮುಂದೆ ಯಾವುದರೊಳಗೆ ಕೂರುತ್ತೆ ಅಂತ ಹೇಳುವ 'ನೆಕ್ಸ್ಟ್ ಅಸೆಂಬ್ಲಿ' ಅನ್ನೋ ಒಂದು ಸಣ್ಣ ಮನೆ. ಅದನ್ನು ಓದಿರಲಿಲ್ಲ. ಕವಚ ವಾಹನದ ಟರೆಟ್ (ಮೇಲೆ ತೋಪು ಕೂರುವ ಗೋಪುರ) ತಿರುಗಿಸುವ ಗೇರ್‌ಬಾಕ್ಸ್ ಅಂತ ಮೂಲ ಡ್ರಾಯಿಂಗಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಪ್ರಿಂಟ್ ತೆಗೆಯುವಾಗ ಆ ಮೂಲೆ ಕತ್ತರಿಸಿ ಹೋಗಿತ್ತು. ಶಾಪ್ ಫ್ಲೋರ್‌ಗೆ ಅದು ಬೇಡ ಅಂತ ನಾನೂ ಸುಮ್ಮನಿದ್ದೆ.

ಮಿಲಿಟರಿ ಬಳಕೆಗೆಂದೇ ವಿನ್ಯಾಸ ಮಾಡಿದ ಭಾಗ ಸ್ಕೋಮೆಟ್, ಅಂದರೆ ಅನುಮತಿ ಇಲ್ಲದೆ ರಫ್ತು ಮಾಡುವಂತಿಲ್ಲದ ಸಾಮಾನುಗಳ ಸರ್ಕಾರಿ ಪಟ್ಟಿಯ 6ನೇ ವರ್ಗಕ್ಕೆ ಬರುತ್ತೆ. ನೆಲದ ಮೇಲಿನ ವಾಹನ ಮತ್ತು ಅದರ ಭಾಗಗಳಾದರೆ 6ಎ006. ಗೇರ್ ಅಂಗೈಯಲ್ಲಿ ಹಿಡಿಸುವಷ್ಟಿದ್ದರೂ ಲೆಕ್ಕ ಅದೇ. ಎಚ್‌ಎಸ್ ಕೋಡ್ ಇದನ್ನು ಹೇಳಲ್ಲ.

ಅನುಮತಿಗೆ ಅರ್ಜಿ ಹಾಕುವಷ್ಟರಲ್ಲಿ ಗಿರಾಕಿ ಆರ್ಡರ್ ರದ್ದು ಮಾಡಿದರು. ಬೇರೆ ಯಾವ ಗೇರ್‌ಬಾಕ್ಸಿಗೂ ಕೂರದ ಗೇರ್‌ಗಳು, ಗುಜರಿಗೆ ಹೋದವು. ಸಾಲ ತೀರಿಸಲು ಒಂದು ಮೆಷಿನ್ ಮಾರಿದೆ.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಯಾವ ಬಾಗಿಲು ಬೇಗ ತೆರೆಯುತ್ತೆ ಅಂತ ಆರಿಸುವ ಹಕ್ಕು ನಮಗಿಲ್ಲ. ಸಾಮಾನು ಯಾವುದು ಅನ್ನೋದೇ ಬಾಗಿಲನ್ನು ತೀರ್ಮಾನಿಸುತ್ತೆ. ಇಂಥ 6ನೇ ವರ್ಗದ ಗೇರ್ ಆದರೆ ರಕ್ಷಣಾ ಸಚಿವಾಲಯದ ರಕ್ಷಣಾ ಉತ್ಪಾದನಾ ಇಲಾಖೆಯ ಆನ್‌ಲೈನ್ ಪೋರ್ಟಲ್. ಸಿವಿಲ್ಲಿಗೂ ಮಿಲಿಟರಿಗೂ ಆಗುವಂಥ ಬೇರೆ ವರ್ಗದ್ದು ಬಹುಪಾಲು ಡಿಜಿಎಫ್‌ಟಿ. ಬೇಗ ಆಗಲಿ ಅಂತ ಕೋಡ್ ಬದಲಿಸಿ ಕಳಿಸುವ ಏಜೆಂಟರ ಮಾತು ಕೇಳಲೇಬೇಡಿ. ದಂಡ ಸಾಮಾನಿನ ಬೆಲೆಯ ಐದು ಪಟ್ಟಿನವರೆಗೆ ಹೋಗಬಹುದು.

ಇನ್ನೊಂದು ವಿಷಯ. ಪೆಟ್ಟಿಗೆ ಹೋದರೆ ಮಾತ್ರ ರಫ್ತು ಅಂತ ತಿಳಿಯಬೇಡಿ. ಪಟ್ಟಿಯಲ್ಲಿರುವ ತಂತ್ರಜ್ಞಾನವನ್ನು ಇಮೇಲಿನಲ್ಲಿ ಕಳಿಸಿದರೂ ರಫ್ತೇ. ಹಾಗೇ ಡ್ರಾಯಿಂಗ್ ಅಮೆರಿಕದ್ದಾಗಿ ಐಟಾರ್ (ಅವರ ಶಸ್ತ್ರಾಸ್ತ್ರ ರಫ್ತು ನಿಯಮ) ಮುದ್ರೆ ಇದ್ದರೆ, ಅವರ ಅನುಮತಿಯಲ್ಲಿ ಹೆಸರಿಲ್ಲದ ಯಾರಿಗೂ ತೋರಿಸುವಂತಿಲ್ಲ. ನಮ್ಮಲ್ಲಿ ಹೀಟ್ ಟ್ರೀಟ್‌ಮೆಂಟಿಗೆ, ಪ್ಲೇಟಿಂಗಿಗೆ ಪಕ್ಕದ ಶೆಡ್ಡಿಗೆ ಡ್ರಾಯಿಂಗ್ ಸಮೇತ ಹುಡುಗನನ್ನು ಓಡಿಸುತ್ತೇವೆ, ಅಲ್ವಾ? ಅಲ್ಲೂ ಸಿಕ್ಕಿಕೊಳ್ಳಬಹುದು.

ಅಡ್ವಾನ್ಸ್ ತಗೊಂಡು ಸ್ಟೀಲ್ ಕತ್ತರಿಸುವ ಮುಂಚೆ, ಇವತ್ತೇ ಆ ಕಂಪನಿಗೆ ಒಂದು ಮೇಲ್ ಹಾಕಿ. ಭಾಗ ಯಾವ ವಾಹನಕ್ಕೆ, ಕೊನೆಗೆ ಬಳಸುವವರು ಯಾರು, ಅದನ್ನು ಖಚಿತಪಡಿಸುವ ಎಂಡ್ ಯೂಸರ್ ಸರ್ಟಿಫಿಕೇಟ್ ಯಾವಾಗ ಕೊಡುತ್ತೀರಿ ಅಂತ ಕೇಳಿ. ಪರ್ಚೇಸ್ ಆರ್ಡರಿನ ವಿವರವೂ ಸರ್ಟಿಫಿಕೇಟಿನ ವಿವರವೂ ಒಂದಕ್ಕೊಂದು ತಾಳೆಯಾಗುತ್ತಾ ಅಂತ ನೋಡಿಕೊಳ್ಳಿ. ಅನುಮತಿ ಕೈಗೆ ಬಂದ ಮೇಲೇ ಡೆಲಿವರಿ ದಿನ ಲೆಕ್ಕ ಶುರು ಅಂತ ಒಪ್ಪಂದದಲ್ಲಿ ಬರೆಸಿ. ಅವರು ಉತ್ತರ ಕೊಡೋವರೆಗೂ ಮೆಷಿನ್ ಆನ್ ಮಾಡಬೇಡಿ.